ವಿಶಾಖೆಯ ನಾಲ್ಕನೆಯ ಚರಣ

ತುಳಸೀ ಲಗ್ನದ ಮರುದಿನ ಬೆಳಿಗ್ಗೆ ಧಾರವಾಡದ ತುಂಬ ಮಂಜು ಇಳಿದಿತ್ತು. ಕೆಲಗೇರಿ ಕೆರೆಯ ಮೇಲಿಂದ ಎದ್ದದ್ದು ಮಾಳಮಡ್ಡಿಯ ಹಂಚಿನ ಮನೆಗಳವರೆಗೆ ಬಂದು ಕುಳಿತಿತ್ತು. ಓಣಿಯ ಕೊನೆಯ ಬಾವಿ ಕಾಣುತ್ತಿರಲಿಲ್ಲ; ಗಡಗಡಿಯ ಸಪ್ಪಳ, ನೀರಿಗೆ ಬಂದ ಹೆಂಗಸರ ಕೆಮ್ಮು, ಯಾರೋ ಗುನುಗುತ್ತಿದ್ದ ಹಾಡಿನ ಒಂದು ನುಡಿ, ಇಷ್ಟೇ ಕೇಳುತ್ತಿತ್ತು. ವೆಂಕಣ್ಣನ ಮನೆಯ ಹಿತ್ತಲಲ್ಲಿ ನಿನ್ನೆಯ ಮದುವಣಗಿತ್ತಿ ತುಳಸಿ ಕಬ್ಬಿನ ಚಪ್ಪರದ ಕೆಳಗೆ ತೊಯ್ದು ನಿಂತಿದ್ದಳು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಒಂದೆರಡು ವರ್ಷವಿದ್ದ ಕಾಲ ಅದು. ಮನೆಯಲ್ಲಿ ಇದ್ದವರು ನಾಲ್ಕು ಜನ. ವೆಂಕಣ್ಣ, ಅವನ ತಾಯಿ ಅಂಬಾಬಾಯಿ, ಹೆಂಡತಿ ಲಕ್ಷ್ಮೀಬಾಯಿ, ಹದಿನಾರು ತುಂಬಿದ ಮಗಳು ವೇಣೂ. ವೆಂಕಣ್ಣ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಆಳುಗಳ ಹಾಜರಿ ಬರೆಯುವ ಕಾರಕೂನ. ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುವವನು. ಕಿಸೆಯಲ್ಲಿ ಸರಪಳಿಯ ಗಡಿಯಾರ. ದಿನಾ ಅದನ್ನು ಸ್ಟೇಶನ್ನಿನ ಗಡಿಯಾರಕ್ಕೆ ಹೊಂದಿಸದೆ ಅವನು ಗಾಡಿ ಹತ್ತುತ್ತಿರಲಿಲ್ಲ.

“ಆರೂ ಹತ್ತು ಆತು. ಡಬ್ಬಿ ಎಲ್ಲೆದ?” ಎಂದು ಪಡಸಾಲೆಯಿಂದ ಕೂಗಿದ.

“ಭಕ್ಕರಿ ಇನ್ನ ಹಂಚಿನ ಮ್ಯಾಲ ಅದರಿ. ನಿಮ್ಮ ಗಡಿಯಾರ ನೋಡಿ ಉಬ್ಬತದೇನು ಅದು?” ಎಂದಳು ಲಕ್ಷ್ಮೀಬಾಯಿ ಒಳಗಿನಿಂದ.

ದೇವರ ಕೋಣೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ಅಂಬಾಬಾಯಿ ನಕ್ಕಳು. “ಹೊತ್ತ ಇನ್ನ ಮೂಡಿಲ್ಲೋ ಅಪ್ಪಾ. ನಿನ್ನ ಗಡಿಯಾರಕ್ಕ ಯಾವಾಗಲೂ ಅವಸರ.”

ಬಿಸಿ ಭಕ್ಕರಿ, ಝುಣಕ, ಚಟ್ನಿಪುಡಿಯ ಡಬ್ಬಿ ಹಿಡಿದು ವೆಂಕಣ್ಣ ಮಂಜಿನಲ್ಲಿ ಮರೆಯಾದ ಮೇಲೆ ಲಕ್ಷ್ಮೀಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅತ್ತೆಯ ಹತ್ತಿರ ಬಂದು ಕುಳಿತಳು.

“ಅತ್ಯಾ, ನಿನ್ನಿ ಮಠದಾಗ ಹೊಸಯಲ್ಲಾಪುರದ ತುಂಗಾಬಾಯಿಯವರು ಸಿಕ್ಕಿದ್ರು. ವೇಣೂ ಆರತಿ ಹಾಡು ಹೇಳಿದ್ದು ಕೇಳಿ ಅವರ ಮನಸ್ಸು ಭಾಳ ತುಂಬೇದ. ಹಿರೇ ಮಗ ಬಾಳಕೃಷ್ಣಗ ತೋರಿಸೋಣು, ಟಿಪ್ಪಣಾ ಕೊಡ್ರಿ ಅಂದ್ರು.”

ಅಂಬಾಬಾಯಿಯ ಕೈ ನಿಂತಿತು. “ಸಾಲಿ ಮಾಸ್ತರನೇನ? ಛಲೋ ಹುಡುಗ. ಆದ್ರ ಅವಗ ತಮ್ಮ ಒಬ್ಬ ಇದ್ದಾನಲ್ಲ.”

“ಇದ್ದಾನರಿ,” ಎಂದಳು ಲಕ್ಷ್ಮೀಬಾಯಿ. “ಅದನ್ನ ನೆನಿಸಿ ರಾತ್ರೆಲ್ಲಾ ನಿದ್ದಿ ಇಲ್ಲ ನನಗ.”

ವೇಣೂ ಹುಟ್ಟಿದ್ದು ಮಾಘ ಬಹುಳ ಅಷ್ಟಮಿಯ ನಸುಕಿನಲ್ಲಿ, ವಿಶಾಖಾ ನಕ್ಷತ್ರದಲ್ಲಿ. ವಿಶಾಖೆಗೆ ನಾಲ್ಕು ಚರಣ. ಮೊದಲಿನ ಮೂರು ಮುಗಿಯುವವರೆಗೆ ಚಂದ್ರ ತುಲಾ ರಾಶಿಯಲ್ಲಿರುತ್ತಾನೆ. ನಾಲ್ಕನೆಯದಕ್ಕೆ ವೃಶ್ಚಿಕಕ್ಕೆ ದಾಟುತ್ತಾನೆ. ತುಲೆಯ ಚಂದ್ರನಲ್ಲಿ ಹುಟ್ಟಿದ ಹುಡುಗಿಗೆ ಏನೂ ಕುಂದಿಲ್ಲ. ವೃಶ್ಚಿಕದ ಚಂದ್ರನಾದರೆ ಗಂಡನ ತಮ್ಮನಿಗೆ ಆಗದು ಎಂದು ಆಗಿನ ಹಿರಿಯರು ಗಟ್ಟಿಯಾಗಿ ನಂಬಿದ್ದರು. ವೇಣೂನ ಟಿಪ್ಪಣದಲ್ಲಿ, ಅಂದರೆ ಜಾತಕದಲ್ಲಿ, ಬರೆದದ್ದು ವೃಶ್ಚಿಕ. ಎರಡು ವರ್ಷದಲ್ಲಿ ನಾಲ್ಕು ಮನೆಯವರು ನೋಡಿ, ಮೆಚ್ಚಿ, ಟಿಪ್ಪಣ ಓದಿ ಬೇಡವೆಂದಿದ್ದರು. ಮನೆ ತುಂಬ ಮಕ್ಕಳಿರುತ್ತಿದ್ದ ಆ ಕಾಲದಲ್ಲಿ ತಮ್ಮನಿಲ್ಲದ ವರನನ್ನು ಎಲ್ಲಿಂದ ತರಬೇಕು?

ಒಬ್ಬ ಸಿಕ್ಕಿದ್ದ. ನರಗುಂದದವನು. ನಲವತ್ತರ ಹತ್ತಿರದ ವಯಸ್ಸು, ಮೊದಲ ಹೆಂಡತಿ ತೀರಿಕೊಂಡು ಎರಡು ಮಕ್ಕಳಿದ್ದವು. ತಮ್ಮನಿರಲಿಲ್ಲ. ಮಾರ್ಗಶಿರ ಮುಗಿಯುವುದರೊಳಗೆ ಮಾತು ಕೊಡುತ್ತೇನೆಂದು ವೆಂಕಣ್ಣ ಅವರಿಗೆ ಕಾಗದ ಬರೆದಿದ್ದ.

“ಎಲ್ಲಾರೂ ತಿದ್ದಸ್ತಾರರಿ ಅತ್ಯಾ,” ಎಂದಳು ಲಕ್ಷ್ಮೀಬಾಯಿ ಮೆಲ್ಲಗೆ. “ಸಾವಿರ ಸುಳ್ಳು ಹೇಳಿ ಒಂದು ಲಗ್ನಾ ಮಾಡು ಅಂತಾರ. ನಾವು ಒಂದs ಹೇಳಿದ್ರ?”

“ಬಂಗಾರ ಹತ್ತು ತೊಲಿ ಇದ್ದದ್ದು ಹನ್ನೆರಡು ಅನ್ನು, ದೇವರು ನಕ್ಕು ಬಿಡತಾನ. ಹುಟ್ಟಿದ ಹೊತ್ತು ಅವನು ಕೊಟ್ಟದ್ದವಾ. ಅದಕ್ಕ ಕೈ ಹಚ್ಚಬ್ಯಾಡ.”

“ಹಂಗಾರ ನರಗುಂದಕ್ಕ ಕಳಸರಿ ಮೊಮ್ಮಗಳನ್ನ!” ಎಂದು ಲಕ್ಷ್ಮೀಬಾಯಿ ಎದ್ದು ಹೋದಳು. ಹಿತ್ತಲಲ್ಲಿ ಪಾತ್ರೆಗಳ ಸದ್ದು ಆ ದಿನ ಸ್ವಲ್ಪ ಜೋರಾಗಿಯೇ ಇತ್ತು.

ಬುಧವಾರ ಅವಳು ಹುಬ್ಬಳ್ಳಿಗೆ ಹೋದಳು. ತವರಿನ ಅಣ್ಣನ ಮನೆಯಲ್ಲಿ ಸಂತರ್ಪಣೆ ಇದೆ ಎಂದು ಹೇಳಿದಳು. ಸಂಜೆ ಗಂಡನ ಜೊತೆಗೇ ಒಂದೇ ಗಾಡಿಯಲ್ಲಿ ತಿರುಗಿ ಬಂದಳು. ಬರುವಾಗ ಪೇಟೆಯಿಂದ ಹತ್ತು ಸೇರು ಶೇಂಗಾ ತಂದಿದ್ದಳು. ಅದರ ಬಗ್ಗೆಯೇ ಮನೆಯವರೆಲ್ಲ ಮಾತಾಡಿದರು, ಇಷ್ಟು ಶೇಂಗಾ ಯಾಕೆ ಎಂದು. ಮುಂದಿನ ಗುರುವಾರ ಮಠದ ಮೆಟ್ಟಿಲ ಮೇಲೆ ಅವಳು ತುಂಗಾಬಾಯಿಯ ಕೈಗೆ ಒಂದು ಮಡಚಿದ ಕಾಗದ ಕೊಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ.

ಹೀಗೆ ಎರಡು ವಾರ ತುಂಬುವ ಮೊದಲೇ ಕಾರ್ತಿಕ ಬಹುಳ ಏಕಾದಶಿ ಬಂತು. ಅಂಬಾಬಾಯಿಯ ಏಕಾದಶಿ ಎಂದರೆ ಒಂದು ಹನಿ ನೀರೂ ಇಲ್ಲ. ಮರುದಿನ ಸಾಧನೀ ದ್ವಾದಶಿ. ಅಂದರೆ ದ್ವಾದಶಿ ಸೂರ್ಯ ಹುಟ್ಟಿದ ಮೇಲೆ ಒಂದೂವರೆ ಘಳಿಗೆಯಷ್ಟೇ, ಅರ್ಧ ತಾಸಿಗಿಂತ ತುಸು ಹೆಚ್ಚು, ಉಳಿದಿತ್ತು. ಅಷ್ಟರೊಳಗೆ ಪಾರಣೆಯ ತುತ್ತು ಬಾಯಿಗೆ ಬೀಳಬೇಕು, ತಪ್ಪಿದರೆ ಉಪವಾಸದ ಫಲವೇ ಹೋಯಿತು. ಊಟಕ್ಕೆ ಮನೆತನದ ಪುರೋಹಿತರಾದ ಬಿಂದಾಚಾರ್ಯರನ್ನು ಕರೆದಿದ್ದರು. ವೇಣೂನ ತೊಟ್ಟಿಲ ದಿನ ಅವಳ ಟಿಪ್ಪಣ ಬರೆದುಕೊಟ್ಟವರು ಅವರೇ. “ಆರೂ ಮುಕ್ಕಾಲರೊಳಗ ಊಟ ಮುಗೀಬೇಕ್ರಿ ಅಂಬಕ್ಕಾ,” ಎಂದು ಹಿಂದಿನ ದಿನವೇ ಹೇಳಿ ಹೋಗಿದ್ದರು.

ತಾಯಿ ಮಗಳು ನಾಲ್ಕಕ್ಕೇ ಎದ್ದು ಮಿಂದು ಒಲೆ ಹೊತ್ತಿಸಿದರು. ಅನ್ನ, ಹೆಸರುಬೇಳೆಯ ತೊವ್ವೆ, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ. ಅಂದು ರವಿವಾರ. ಬೆಳಗಿನ ಗಾಡಿಯ ಗಡಿಬಿಡಿಯಲ್ಲಿ ದ್ವಾದಶಿಯ ಪಂಕ್ತಿಗೆ ಎಂದೂ ಸಿಗದಿದ್ದ ವೆಂಕಣ್ಣ ಅಂದು ಪಂಚೆ ಉಟ್ಟು ಮಣೆಯ ಮೇಲೆ ಕುಳಿತಿದ್ದ. ಎಲೆಗೆ ತುಪ್ಪ ಬೀಳುವ ಹೊತ್ತಿಗೆ, ಅಭ್ಯಾಸಬಲ, ಗೂಟಕ್ಕೆ ಹಾಕಿದ ಅಂಗಿಯ ಕಿಸೆಯಿಂದ ಗಡಿಯಾರ ತೆಗೆದು ನೋಡಿದ.

“ಅಯ್ಯೋ! ಆರೂ ಮುಕ್ಕಾಲು ಮೀರಿ ಎರಡು ಮಿನಿಟು ಆತಲ್ಲ!”

ಅಂಬಾಬಾಯಿ ಎಲೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡಳು. ಲಕ್ಷ್ಮೀಬಾಯಿ ಸೌಟು ಹಿಡಿದೇ ಮುಂದೆ ಬಂದಳು. “ನಾಕಕ್ಕ ಎದ್ದೇವರಿ ನಾವು! ಎಲ್ಲೆ ತಡಾ ಆತು?”

ಬಿಂದಾಚಾರ್ಯರು ಹಿತ್ತಲ ಬಾಗಿಲತ್ತ ಕತ್ತು ತಿರುಗಿಸಿದರು. ತುಳಸಿ ಕಟ್ಟೆಯ ತುದಿಗೆ ಆಗ ತಾನೇ ಎಳೆಬಿಸಿಲು ಮುಟ್ಟಿತ್ತು.

“ಏ ವೆಂಕಣ್ಣಾ, ಹುಚ್ಚಾ, ಸೂರ್ಯ ಈಗ ಕಣ್ಣು ತಗದಾನ. ಇನ್ನ ಒಂದು ಘಳಿಗಿ ಮ್ಯಾಲ ಅದ. ಊಟಾ ಮಾಡ್ರಿ ಅಂಬಕ್ಕಾ.”

“ನನ್ನ ಗಡಿಯಾರ ತಪ್ಪಂಗಿಲ್ಲರಿ ಆಚಾರ್ಯರ.”

“ನಿಂದು ರೈಲಿನ ಹೊತ್ತು. ಅದು ನಮ್ಮೂರ ಸೂರ್ಯನಕಿಂತ ಅರ್ಧಾ ತಾಸು ಮುಂದ ಓಡತದ. ನಮ್ಮ ಪಂಚಾಂಗಕ್ಕ ಸೂರ್ಯನs ಗಡಿಯಾರ. ನಾ ಹೇಳಿದ್ದು ನನ್ನ ಆರೂ ಮುಕ್ಕಾಲು,” ಎಂದು ಆಚಾರ್ಯರು ನಗುತ್ತ ಆಪೋಶನ ತೆಗೆದುಕೊಂಡರು.

ಎಲ್ಲರೂ ಉಣ್ಣತೊಡಗಿದರು. ಮೂರನೆಯ ತುತ್ತಿಗೆ ಆಚಾರ್ಯರ ಕೈ ಎಲೆಯ ಮೇಲೇ ನಿಂತಿತು. ಅವರ ಕಣ್ಣು ಬಡಿಸುತ್ತಿದ್ದ ವೇಣೂನ ಮೇಲೆ ನೆಟ್ಟಿತು. ಊಟದಲ್ಲಿ ಮಾತಾಡುವವರಲ್ಲ ಅವರು. ತಲೆ ಬಗ್ಗಿಸಿ ಉಳಿದದ್ದನ್ನು ಬೇಗ ಬೇಗ ಮುಗಿಸಿದರು. ಕೈ ತೊಳೆಯುವಾಗ ನೀರು ಹಾಕುತ್ತಿದ್ದ ವೆಂಕಣ್ಣನನ್ನು ಕೇಳಿದರು:

“ಈ ಕೂಸು ಹುಟ್ಟಿದ ದಿನ ಐದೂಕಾಲು ಅಂತ ಚೀಟಿ ಬರದು ಕೊಟ್ಟೆಲ್ಲಾ, ಅದು ಯಾವ ಗಡಿಯಾರ?”

“ಯಾವುದು ಅಂದ್ರ? ಇದs. ಹಿಂದಿನ ಸಂಜಿ ಸ್ಟೇಶನ್ನಿನಾಗ ಹೊಂದಿಸಿದ್ದೆ.”

ಆಚಾರ್ಯರು ಬಾಯಿ ಮುಕ್ಕಳಿಸುವುದನ್ನೂ ಮರೆತು ನಿಂತರು. ರೈಲಿನ ಹೊತ್ತು ಬೇರೆ, ಊರಿನ ಹೊತ್ತು ಬೇರೆ ಎಂಬುದು ಓಣಿಯ ಮಕ್ಕಳಿಗೂ ಗೊತ್ತಿದ್ದ ಮಾತು. ಆದರೆ ಬರೆದುಕೊಟ್ಟವನು ಹೇಳಿರಲಿಲ್ಲ, ಬರೆಸಿಕೊಂಡವರು ಕೇಳಿರಲಿಲ್ಲ.

ಮಧ್ಯಾಹ್ನ ಅವರು ಹಳೆಯ ಪಂಚಾಂಗವನ್ನು ಅರಿವೆಯಲ್ಲಿ ಸುತ್ತಿಕೊಂಡು ತಿರುಗಿ ಬಂದರು. ಪಡಸಾಲೆಯಲ್ಲಿ ಕುಳಿತು ಎರಡು ಸಲ ಲೆಕ್ಕ ಮಾಡಿದರು. ಆಮೇಲೆ ಅಂಬಾಬಾಯಿಯ ಕಡೆ ಮುಖ ಮಾಡಿ ಹೇಳಿದರು: “ನಮ್ಮೂರ ಹೊತ್ತಿಗೆ ಕೂಸು ಹುಟ್ಟಿದ್ದು ಪಾವುಕಡಿಮೆ ಐದಕ್ಕ, ಅಂದ್ರ ನಾಕೂ ಮುಕ್ಕಾಲಕ್ಕ. ಚಂದ್ರ ವೃಶ್ಚಿಕಕ್ಕ ಹೋದದ್ದು ಅದರ ಮ್ಯಾಲ. ವೇಣೂಂದು ತುಲಾ ರಾಶಿ. ತಪ್ಪು ನಂದು ಅಂಬಕ್ಕಾ. ಒಂದು ಮಾತು ಕೇಳಬೇಕಾಗಿತ್ತು, ಕೇಳಲಿಲ್ಲ.”

“ತಪ್ಪು ನಂದರಿ,” ಎಂದ ವೆಂಕಣ್ಣ. ಹಾಗೆ ಅವನು ಹೇಳಿದ್ದನ್ನು ಆ ಮನೆ ಹಿಂದೆ ಕೇಳಿರಲಿಲ್ಲ.

ಅಂಬಾಬಾಯಿ ಸೊಸೆಯನ್ನು ಕೂಗಿ ಸಕ್ಕರೆ ತರಹೇಳಿದಳು. ಲಕ್ಷ್ಮೀಬಾಯಿ ಬರಲಿಲ್ಲ. ಅಡುಗೆಮನೆಯ ಕತ್ತಲಲ್ಲಿ ಒರಳ ಹತ್ತಿರ ಮುಖ ಮುಚ್ಚಿಕೊಂಡು ಕುಳಿತಿದ್ದಳು.

“ಏನಾತs? ಅಳೂ ಹೊತ್ತೇನ ಇದು?” ಎನ್ನುತ್ತ ಅಂಬಾಬಾಯಿ ಒಳಗೆ ಬಂದಳು.

“ಅತ್ಯಾ, ನಾ ಮೊದಲs ತುಲಾ ಮಾಡಿಸಿ ಕೊಟ್ಟು ಬಂದೇನಿ.” ಅಷ್ಟು ಹೇಳಿ ಅವಳು ಎಲ್ಲವನ್ನೂ ಬಿಚ್ಚಿದಳು. ಹುಬ್ಬಳ್ಳಿ ಪೇಟೆಯ ಒಬ್ಬ ಜೋಯಿಸ ಬೇಕಾದ ರಾಶಿ ಬರೆದುಕೊಡುತ್ತಾನೆಂದು ಕೇಳಿದ್ದಳು. ಅವನು ವೇಣೂ ಹಿಂದಿನ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೇ ಹುಟ್ಟಿದಳೆಂದು ಬರೆದು ಹೊಸ ಟಿಪ್ಪಣ ಮಾಡಿಕೊಟ್ಟಿದ್ದ. ಅದು ಈಗ ತುಂಗಾಬಾಯಿಯ ಮನೆಯಲ್ಲಿತ್ತು.

ಆಚಾರ್ಯರು ಹೋದ ಮೇಲೆ ವೆಂಕಣ್ಣನಿಗೆ ಗೊತ್ತಾಯಿತು. ಮೊದಲು ಕೂಗಾಡಿದ. “ಶೇಂಗಾ ತರಲಿಕ್ಕೆ ಹೋಗಿದ್ದೆಲ್ಲಾ ನೀನು! ನನ್ನ ಬಾಜೂಕs ಕೂತು ಬಂದೀ ಗಾಡ್ಯಾಗ!” ಆಮೇಲೆ ಮೀಸೆ ನೇವರಿಸಿಕೊಂಡು ಹೇಳಿದ: “ಇರ್ಲಿ. ಅದ್ರಾಗೂ ತುಲಾ, ಇದ್ರಾಗೂ ತುಲಾ. ಬಾಯಿ ಮುಚಗೊಂಡು ಇದ್ರಾತು.”

“ಸುಳ್ಳು ದಾರ್ಯಾಗ ಖರೇನ ಭೆಟ್ಟಿ ಆತು ಅಂತ ಅದು ಖರೇ ಆಗತದೇನೋ?” ಎಂದಳು ಅಂಬಾಬಾಯಿ.

“ಅವ್ವಾ, ಹೋಗಿ ಹೇಳಿದ್ರ ಅವರು ಖರೇದನ್ನೂ ನಂಬೂದಿಲ್ಲ. ಇದೂ ತಿದ್ದಿದ್ದs ಅಂತಾರ. ಊರೆಲ್ಲಾ ಆಗತದ. ಆಮ್ಯಾಲ ನರಗುಂದದವನೂ ಇಲ್ಲ.”

“ಅತ್ಯಾ, ಕಾಲು ಬೀಳತೇನಿ. ನನ್ನ ಮಾನಾ ಹೋಗಲಿ, ಹುಡುಗಿ ಸಂಸಾರ ಕೆಡಸಬ್ಯಾಡ್ರಿ,” ಎಂದಳು ಲಕ್ಷ್ಮೀಬಾಯಿ.

ಮೂಲೆಯಲ್ಲಿ ಶೇಂಗಾ ಸುಲಿಯುತ್ತಿದ್ದ ವೇಣೂ ತಲೆ ಎತ್ತಿದಳು. ಮದುವೆಯ ಮಾತಿನಲ್ಲಿ ಹುಡುಗಿಯರು ಬಾಯಿ ಹಾಕುವ ಕಾಲವಲ್ಲ ಅದು.

“ಅಪ್ಪಾ, ಅವರ ಮನ್ಯಾಗ ಯಾರರೆ ನೀ ಎಷ್ಟೊತ್ತಿಗೆ ಹುಟ್ಟಿದೆವಾ ಅಂತ ಕೇಳಿದ್ರ ಏನು ಹೇಳ್ಲಿ? ಸಂಜೀಕ ಅಂತ ಹೇಳ್ಲ್ಯೋ, ನಸಕನ್ಯಾಗ ಅಂತ ಹೇಳ್ಲ್ಯೋ?”

“ಯಾರು ಕೇಳತಾರ ಅದನ್ನ?”

“ಮಕ್ಕಳು ಕೇಳತಾವಲ್ಲ. ನಾ ಅಜ್ಜೀನ ಎಷ್ಟು ಸಲ ಕೇಳೇನಿ. ನೀ ಕಂದೀಲು ಹಿಡಕೊಂಡು ಅಂಗಳದಾಗ ತಿರಗ್ಯಾಡತಿದ್ದೆ ಅಂತ ಅಜ್ಜಿ ಹೇಳತಾಳ. ಸಂಜೀಕ ಹುಟ್ಟೇನಿ ಅಂದ್ರ ಆ ಕಂದೀಲು ಸುಳ್ಳಾಗತದ.”

ವೆಂಕಣ್ಣ ಎದ್ದು ದೌತಿ, ಟಾಕು ತಂದು, ಆಚಾರ್ಯರು ಬರೆದಿಟ್ಟುಹೋದ ಹೊಸ ಟಿಪ್ಪಣದ ಕೆಳಗೆ ತನ್ನ ಹಾಜರಿ ಪುಸ್ತಕದ ಅಕ್ಷರದಲ್ಲಿ ಬರೆದ: ‘ಮೊದಲು ಕೊಟ್ಟ ಹೊತ್ತು ರೈಲಿನ ಗಡಿಯಾರದ್ದು. ಅದನ್ನು ಹೇಳದೆ ಬಿಟ್ಟದ್ದು ನನ್ನ ತಪ್ಪು. ತಂದೆ ವೆಂಕಣ್ಣ.’

“ಆದ್ರ ಅವ್ವಾ,” ಎಂದ ಟಾಕು ಒರೆಸುತ್ತ, “ಸಾಕ್ಷಿ ಬೇಕು. ನನ್ನ ಮಾತು, ಆಚಾರ್ಯರ ಮಾತು ಸಾಲೂದಿಲ್ಲ. ಮಗಳ ಸಲುವಾಗಿ ಹೇಳತಾನ ಅಂತಾರ.”

ಅಂಬಾಬಾಯಿಗೆ ಸಾಕ್ಷಿ ಯಾರೆಂದು ಗೊತ್ತಿತ್ತು.

ಮರುದಿನ ಬಿಸಿಲೇರಿದ ಮೇಲೆ ಅವಳೂ ವೇಣೂ ಕೆಲಗೇರಿಗೆ ನಡೆದು ಹೋದರು. ಆಗ ಆ ದಾರಿಯ ಎರಡೂ ಕಡೆ ಬರೀ ಹೊಲ. ಜೋಳ ಆಳೆತ್ತರ ನಿಂತಿತ್ತು. ಕೆರೆಯ ದಂಡೆಯಲ್ಲಿ ಅಗಸರ ಬಟ್ಟೆಗಳು, ನೀರಿನಲ್ಲಿ ಬೆಳ್ಳಗಿನ ಹಕ್ಕಿಗಳು. ಕೆರೆಯ ಆಚೆ ಮಗನ ಮನೆಯಲ್ಲಿದ್ದ ದಾವಲಬಿ ಮೊದಲು ಮಾಳಮಡ್ಡಿಯ ಹಿಂದಿನ ಓಣಿಯಲ್ಲಿದ್ದ ಸೂಲಗಿತ್ತಿ. ಆ ಭಾಗದ ಅರ್ಧ ಮಕ್ಕಳು ಅವಳ ಕೈಮೇಲೆ ಲೋಕ ಕಂಡವು. ಈಗ ಒಂದು ಕಣ್ಣಿಗೆ ಪೊರೆ ಬಂದಿತ್ತು. ವೇಣೂನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

“ಯಾ ಅಲ್ಲಾ! ಇದು ನನ್ನ ನಮಾಜ್ ತಪ್ಪಿಸಿದ ಕೂಸಲ್ಲರಿ ಅವ್ವಾರ?”

“ನಮಾಜ್ ತಪ್ಪಿಸಿತ್ತೇನ?” ಅಂಬಾಬಾಯಿ ಕಲ್ಲಿನ ಮೇಲೆ ಕುಳಿತಳು. “ಅದನ್ನs ಕೇಳಲಿಕ್ಕೆ ಬಂದೇನಿ ದಾವಲಬೀ. ನೆನಪಿದ್ದಷ್ಟು ಹೇಳು. ನೆನಪಿಲ್ಲದಿದ್ರ ಇಲ್ಲ ಅನ್ನು.”

“ಕೂಸು ಲಗೂನ ಬಂತ್ರಿ. ನಾಳ ಕೊಯ್ದು, ಬಿಸಿನೀರು ಹಾಕಿ, ನಿಮ್ಮ ಹಳೀ ಪತ್ತಲದಾಗ ಸುತ್ತಿ ನಿಮ್ಮ ಕೈಯಾಗ ಕೊಟ್ಟೆ. ಮಾಸ ಬೀಳವಲ್ದು. ನಾ ಬಾಣಂತಿ ಹೊಟ್ಟಿ ತಿಕ್ಕಾಕತ್ತಿದ್ದೆ. ಆವಾಗ ಮಸೂತ್ಯಾಗ ಬಾಂಗ್ ಶುರು ಆತು. ತಾಯಿನ ಬಿಟ್ಟು ಹೆಂಗ ಏಳ್ಲಿ? ಹೊತ್ತು ಏರಿದ ಮ್ಯಾಲ ಮನಿಗೆ ಹೋಗಿ ತೀರಿಸಿದೆ.”

“ಕೂಸು ಮೊದಲು, ಬಾಂಗ್ ಆಮ್ಯಾಲೆ. ಖರೇನ?”

“ಮಾಡಿದ ನಮಾಜ್ ನೆನಪಿರಂಗಿಲ್ಲರಿ ಅವ್ವಾರ. ತಪ್ಪಿದ್ದು ಮರಿಯಂಗಿಲ್ಲ.”

ಬುಧವಾರ ಮಧ್ಯಾಹ್ನ ಅಂಬಾಬಾಯಿ ಬಾಡಿಗೆ ಟಾಂಗಾದಲ್ಲಿ ದಾವಲಬಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೊಸಯಲ್ಲಾಪುರಕ್ಕೆ ಹೋದಳು. ಮಡಿ ಅಜ್ಜಿಯೂ ಸೂಲಗಿತ್ತಿಯೂ ಒಂದೇ ಟಾಂಗಾದಲ್ಲಿ ಕುಳಿತದ್ದನ್ನು ಓಣಿ ನೋಡಿತು. ಲಕ್ಷ್ಮೀಬಾಯಿ ಬಾಗಿಲ ಹಿಂದೆ ನಿಂತು ನೋಡಿದಳೇ ಹೊರತು ಅತ್ತೆಗೆ ಹೋಗಿ ಬರ್ರಿ ಎನ್ನಲಿಲ್ಲ. ರವಿವಾರದಿಂದಲೂ ಅವಳು ಅತ್ತೆಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ.

ತುಂಗಾಬಾಯಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಇಬ್ಬರು ಮಕ್ಕಳನ್ನು ಬೆಳೆಸಿದ ಹೆಂಗಸು. ಕೆಂಪು ಸೀರೆಯ ಸೆರಗು ಹಣೆಯವರೆಗೆ. ನಗು ಅಪರೂಪ. ಕಿರಿಯವನು ಪ್ರಲ್ಹಾದ ಆರನೆಯ ವಯಸ್ಸಿನಲ್ಲಿ ವಿಷಮಜ್ವರ ಬಂದು ನಲವತ್ತು ದಿನ ಮಲಗಿದ್ದನ್ನು ಅವಳು ಇನ್ನೂ ಮರೆತಿರಲಿಲ್ಲ.

ಅಂಬಾಬಾಯಿ ಏನನ್ನೂ ಸುತ್ತಿ ಬಳಸಲಿಲ್ಲ. ಮೊದಲಿನ ವೃಶ್ಚಿಕದ ಮಾತು, ನಾಲ್ಕು ಮನೆಯವರ ಮಾತು, ರೈಲಿನ ಗಡಿಯಾರದ ಮಾತು, ಸೊಸೆ ಕೊಟ್ಟ ಕಾಗದದ ಮಾತು, ಎಲ್ಲವನ್ನೂ ಒಂದರ ಹಿಂದೆ ಒಂದು ಇಟ್ಟಳು. ತುಂಗಾಬಾಯಿಯ ಮುಖ ಬಿಗಿಯಿತು.

“ಹಿಂಗ ತಿದ್ದಿಸಿಕೊಂಡು ಬಂದವರನ್ನ ನಾ ಭಾಳ ಕಂಡೇನಿ ಅಂಬಕ್ಕಾ. ಒಂದು ಸಲ ಸಂಜಿ ಅಂದ್ರಿ. ಇವತ್ತು ನಸಕು ಅಂತೀರಿ. ನಾಳಿ?”

“ಅದಕ್ಕs ಆಕೀನ ಕರಕೊಂಡು ಬಂದೇನಿ. ನೀವs ಕೇಳ್ರಿ.”

ಕಟ್ಟೆಯ ಮೇಲೆ ಕುಳಿತ ದಾವಲಬಿ, ಕೆಲಗೇರಿಯಲ್ಲಿ ಹೇಳಿದ್ದನ್ನೇ ಹೇಳಿದಳು. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ತುಂಗಾಬಾಯಿ ಹೊಸ್ತಿಲಲ್ಲಿ ನಿಂತು ಕೇಳಿದಳು.

“ಮಾಘ ಬಹುಳ ಅಷ್ಟಮಿ ಅಂದ್ರೆಲ್ಲಾ?” ಎಂದು ತನಗೆ ತಾನೇ ಅಂದುಕೊಂಡಳು. “ಆ ದಿನಮಾನದಾಗ ಬಾಂಗ್ ಆದಾಗ ನಾ ಬಾವಿ ಮ್ಯಾಲ ಇರತೇನಿ. ಇಪ್ಪತ್ತು ವರ್ಷಾತು, ನನಗ ಏಳಲಿಕ್ಕೆ ಅದs ಗಡಿಯಾರ. ಅದು ಮುಗಿದು ಒಂದು ಕೊಡ ನೀರು ತರೂದ್ರೊಳಗ ಊರ ಹೊತ್ತಿಗೆ ಇಟ್ಟ ನಮ್ಮ ಗೋಡೆಯ ಗಡಿಯಾರ ಐದೂಕಾಲು ಹೊಡೀತದ.” ಬೆರಳು ಮಡಚಿ ಏನೋ ಎಣಿಸಿದಳು. “ಬಾಂಗಿನಕಿಂತ ಮೊದಲು ಕೂಸು ಬಂತು ಅಂದ್ರ, ಊರ ಹೊತ್ತಿನ ಐದೂಕಾಲು ಅಲ್ಲs ಅಲ್ಲ.”

“ಬಾಂಗು ಆಕಾಶ ನೋಡಿ ಕೂಗತಾರರಿ ತಾಯಿ,” ಎಂದಳು ದಾವಲಬಿ. “ರೈಲು ನೋಡಿ ಅಲ್ಲ.”

ತುಂಗಾಬಾಯಿ ಅಂಬಾಬಾಯಿಯ ಕಡೆ ತಿರುಗಿದಳು. “ಅಂಬಕ್ಕಾ, ಆ ಸಂಜೀ ಕಾಗದದ ಮಾತು ನೀವು ಹೇಳದ ಇದ್ರ ನನಗ ಗೊತ್ತಾಗತಿತ್ತೇನು?”

“ಇಲ್ಲ.”

“ಮತ್ಯಾಕ ಹೇಳಿದ್ರಿ?”

“ನನಗ ಗೊತ್ತಿತ್ತಲ್ಲವಾ.”

ತುಂಗಾಬಾಯಿ ಹೊಸ ಟಿಪ್ಪಣವನ್ನು ಕೈಗೆ ತೆಗೆದುಕೊಂಡಳು. “ವಿಚಾರ ಮಾಡಿ ಹೇಳತೇನಿ” ಎಂದಷ್ಟೇ ಹೇಳಿ ಒಳಗೆ ಹೋದಳು. ದಾವಲಬಿಗೆ ಎಲೆಯಡಿಕೆ, ಒಂದು ತುಂಡು ಬೆಲ್ಲ ಹೊರಗೆ ಬಂತು. ಅಂಬಾಬಾಯಿಗೆ ಒಳಗಿನಿಂದ ಇನ್ನೊಂದು ಮಾತೂ ಬರಲಿಲ್ಲ.

ಬೇಡವಾದ ಸಂಬಂಧದ ಟಿಪ್ಪಣವನ್ನು ಮನೆಗೆ ಮುಟ್ಟಿಸುವುದು ಆಗಿನ ರೂಢಿ. ಬಾಯಿಂದ ಯಾರೂ ಇಲ್ಲ ಎನ್ನುತ್ತಿರಲಿಲ್ಲ. ಕಾಗದ ತಿರುಗಿ ಬಂದರೆ ಮುಗಿಯಿತು. ಮುಂದಿನ ದಿನಗಳಲ್ಲಿ ಬಾಗಿಲ ಚಿಲಕ ಸದ್ದಾದಾಗಲೆಲ್ಲ ಲಕ್ಷ್ಮೀಬಾಯಿ ಕೈಯ ಕೆಲಸ ಬಿಟ್ಟು ನಿಲ್ಲುತ್ತಿದ್ದಳು. ಹಾಲಿನವಳು, ಕಟ್ಟಿಗೆಯವನು, ಹೆಪ್ಪು ಕೇಳಲು ಬಂದ ಪಕ್ಕದ ಮನೆಯವಳು. ನರಗುಂದದಿಂದ ಒಂದು ಕಾರ್ಡು ಬಂತು. ವೆಂಕಣ್ಣ ಅದನ್ನು ಓದಿ, ಉತ್ತರ ಬರೆಯಲು ಕುಳಿತು, ಬರೆಯದೆ ಎದ್ದ. ವೇಣೂ ಹಪ್ಪಳದ ಹಿಟ್ಟು ಕುಟ್ಟಿದಳು, ಹಪ್ಪಳ ಲಟ್ಟಿಸಿದಳು, ಅಂಗಳದಲ್ಲಿ ಒಣಹಾಕಿ ಕಾಗೆ ಕಾಯ್ದಳು.

ಐದನೆಯ ದಿನ ಲಕ್ಷ್ಮೀಬಾಯಿ ಭಕ್ಕರಿ ಬಡಿಯುತ್ತ, ಅತ್ತೆಯ ಕಡೆ ನೋಡದೆ ಹೇಳಿದಳು: “ನಿಮ್ಮ ದೇವರು ನಿಮಗ ಛಲೋ ಇದ್ದಾನ. ನನ್ನ ಮಗಳಿಗೆ?”

“ಅವನು ಒಬ್ಬನs ಇರೂದು,” ಎಂದಳು ಅಂಬಾಬಾಯಿ. “ಮಜ್ಜಿಗಿ ಹಾಕು.”

ಎಷ್ಟೋ ದಿನದ ಮೇಲೆ ಅತ್ತೆ ಸೊಸೆ ಆಡಿದ ಮಾತು ಅಷ್ಟು.

ಮಾರ್ಗಶಿರದ ಎರಡನೆಯ ಗುರುವಾರ, ಊಟದ ಹೊತ್ತು ಮುಗಿದ ಮೇಲೆ, ಅಂಗಳದಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಹಿಂದೆ ಒಂದು ಟಾಂಗಾ. ಸೈಕಲ್ಲಿನಿಂದ ಇಳಿದವನು ಇಪ್ಪತ್ತರ ಪ್ರಾಯದ, ಉದ್ದ ಕೈಕಾಲಿನ ಕಾಲೇಜು ಹುಡುಗ. ಟಾಂಗಾದಿಂದ ತುಂಗಾಬಾಯಿ ಇಳಿದಳು. ಬಾಳಕೃಷ್ಣ ಬಂದಿರಲಿಲ್ಲ.

ಹುಡುಗ ಅಂಬಾಬಾಯಿಗೆ ನಮಸ್ಕಾರ ಮಾಡಿ ತೂಗುಮಣೆಯ ತುದಿಗೆ ಕುಳಿತ. “ಅಜ್ಜೀ, ನಾನರಿ ಪ್ರಲ್ಹಾದ. ನಿಮ್ಮ ಮನ್ಯಾಗ ನನ್ನ ಹೆಸರು ಭಾಳ ನಡೀತದಂತ?”

“ನಡದದಪಾ. ಒಂದು ವರ್ಷಕ್ಕ ಆಗೂವಷ್ಟು.”

“ನೋಡಿ ಬಿಡ್ರಿ ಹಂಗಾರ. ಗಟ್ಟಿಮುಟ್ಟ ಇದ್ದೇನಿ. ಹಪ್ಪಳ ಸುಡೂ ವಾಸನಿ ಬರಲಿಕತ್ತದಲ್ಲಾ, ಅದರ ಪರೀಕ್ಷಾನೂ ಕೊಡತೇನಿ.”

ಅಂಬಾಬಾಯಿ ನಕ್ಕಳು. ವೇಣೂ ಕದದ ಹಿಂದಿನಿಂದ ಹಪ್ಪಳದ ತಟ್ಟೆಯನ್ನು ಮುಂದಕ್ಕೆ ಸರಿಸಿದಳು. ಅಷ್ಟರಲ್ಲಿ ತುಂಗಾಬಾಯಿ, ಕಾಲು ತೊಳೆದುಕೊಳ್ಳುತ್ತೇನೆ ಎನ್ನುತ್ತ, ಯಾರನ್ನೂ ಕಾಯದೆ ಹಿತ್ತಲ ಕಡೆಗೆ ನಡೆದಳು.

ಲಕ್ಷ್ಮೀಬಾಯಿ ಹಿತ್ತಲ ಕಲ್ಲಿನ ಮೇಲೆ ಪಾತ್ರೆ ತಿಕ್ಕುತ್ತಿದ್ದವಳು ಎದ್ದು ನಿಂತಳು. ಕೈತುಂಬ ಬೂದಿ. ತುಂಗಾಬಾಯಿ ಸೊಂಟದ ಸಂಚಿಯಿಂದ ಮಡಚಿದ ಕಾಗದವನ್ನು ತೆಗೆದದ್ದನ್ನು ನೋಡಿದ ಕೂಡಲೇ ಅವಳ ಕಣ್ಣು ತುಂಬಿತು.

“ತಿರುಗಿ ತಂದ್ರೇನ್ರಿ?”

“ನೋಡಲಿಕ್ಕೆ ಇಸಗೊಂಡದ್ದು ತಿರುಗಿ ಕೊಡಬೇಕಲ್ಲವಾ.”

ಲಕ್ಷ್ಮೀಬಾಯಿ ಬೂದಿಗೈಯಲ್ಲೇ ಅದನ್ನು ಬಿಡಿಸಿದಳು. ಹುಬ್ಬಳ್ಳಿಯ ಜೋಯಿಸನ ದಪ್ಪ ಅಕ್ಷರ. ಸಂಜೆ, ದೀಪ ಹಚ್ಚುವ ಹೊತ್ತು. ಅದರ ಒಳಗೆ, ಕೆಳಗೆ, ಬೇರೆ ಯಾವ ಕಾಗದವೂ ಇರಲಿಲ್ಲ.

“ಇನ್ನೊಂದು?”

“ಅದು ನಮ್ಮ ದೇವರ ಮುಂದ ಅದ. ಬಾಳ್ಯಾ ನೋಡ್ಯಾನ, ಒಪ್ಪ್ಯಾನ.” ತುಂಗಾಬಾಯಿ ಒಮ್ಮೆ ಪಡಸಾಲೆಯ ಕಡೆ ನೋಡಿ ದನಿ ತಗ್ಗಿಸಿದಳು. “ಇದನ್ನ ನಾ ಹುಡುಗೂರಿಗೆ ತೋರಿಸಿಲ್ಲ. ನಾನೂ ಎರಡು ಮಕ್ಕಳ ತಾಯಿ ಇದ್ದೇನಿ.”

ಕಾಗದವನ್ನು ಮತ್ತೆ ಮೊದಲಿನಂತೆಯೇ ಮಡಚಿ ಅವಳ ಅಂಗೈಯಲ್ಲಿಟ್ಟಳು. ಮಡಿಯ ಸೀರೆಗೆ ಬೂದಿ ತಾಕಿದ್ದನ್ನೂ ಲೆಕ್ಕಿಸದೆ, ಆ ಒದ್ದೆ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮುಚ್ಚಿದಳು.